ಸವತಿಗೆ ಹೊಲಿದ ಬಾವುಟಗಳು

ಬಂದರಿನ ಬೀದಿಯಲ್ಲಿ ಬಾವುಟದಕ್ಕನಿಗೆ ಒಬ್ಬ ಸವತಿ ಇದ್ದಾಳೆ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೋ ಹಬ್ಬಿಸಿದ ಗಾಳಿಮಾತಲ್ಲ, ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. “ನನ್ನ ಸವತಿ ಬಂದಿದಾಳೆ, ಮೂರನೇ ಕಟ್ಟೆಗೆ ಕಟ್ಟಿದಾರೆ, ಇವತ್ತು ಎರಡು ಪಾಲು ತರಕಾರಿ ಹಾಕಪ್ಪಾ” ಎಂದು ಬೆಳಿಗ್ಗೆ ತರಕಾರಿಯವನ ಮುಂದೆ ನಿಂತು ಹೇಳುವಾಗ ಅವಳ ಮುಖದಲ್ಲಿ ಸಂಕಟದ ಸುಳಿವೂ ಇರುತ್ತಿರಲಿಲ್ಲ. ಬೀದಿಗೆ ಹೊಸದಾಗಿ ಬಂದವರು ಮಾತ್ರ ಗಾಬರಿಗೊಂಡು, ಪಾಪ, ಇಷ್ಟು ಒಳ್ಳೆಯ ಹೆಂಗಸಿಗೆ ಇಂಥ ಗತಿಯೇ ಎಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಿದ್ದರು. ಸವತಿ ಅಂದರೆ ಹೊಗೆ ಉಗುಳುವ ಒಂದು ಸರಕಿನ ಹಡಗು, ಗಂಡ ಅದರ ಎಂಜಿನ್ನಿಗೆ ಎಣ್ಣೆ ಹಾಕುವವನು ಎಂದು ತಿಳಿದ ಮೇಲೆ ಅವರೂ ನಕ್ಕು, ಮರುದಿನದಿಂದ “ಸವತಿ ಯಾವಾಗ ಬರ್ತಾಳಕ್ಕಾ?” ಎಂದು ಕೇಳುವವರ ಸಾಲಿಗೆ ಸೇರುತ್ತಿದ್ದರು.

ಆ ಸವತಿ ಹುಟ್ಟಿದ್ದು ಯುದ್ಧದ ಕಾಲದಲ್ಲಿ. ಸಮುದ್ರದಲ್ಲಿ ಹಡಗುಗಳು ದಿನಬೆಳಗಾದರೆ ಮುಳುಗುತ್ತಿದ್ದವು. ಮುಳುಗಿದ್ದಕ್ಕಿಂತ ಹೆಚ್ಚು ಕಟ್ಟಿದರೆ ಮಾತ್ರ ಗೆಲುವು ಎಂದು ಲೆಕ್ಕ ಹಾಕಿದವರು, ಇಟ್ಟಿಗೆ ಕೊಯ್ದ ಹಾಗೆ ಒಂದೇ ಅಚ್ಚಿನ ಹಡಗುಗಳನ್ನು ಸಾಲಾಗಿ ಕಟ್ಟಿ ನೀರಿಗೆ ತಳ್ಳಿದರು. ತಗಡಿಗೆ ತಗಡು ಮೊಳೆ ಬಡಿದು ಕೂರಿಸುವಷ್ಟು ಪುರಸೊತ್ತು ಯಾರಿಗಿತ್ತು? ಬೆಂಕಿಯಲ್ಲಿ ಕರಗಿಸಿ ಬೆಸುಗೆ ಹಾಕಿದರು, ಬೂದುಬಣ್ಣ ಬಳಿದರು, ಆಯಿತು. ಒಂದು ಸಲ ಸರಕು ಮುಟ್ಟಿಸಿದರೆ ಕಟ್ಟಿದ ಕೂಲಿ ಗಿಟ್ಟಿತು, ಐದು ವರ್ಷ ತೇಲಿದರೆ ಅದೇ ಪುಣ್ಯ ಎಂದು ಕಟ್ಟಿದವರೇ ಹೇಳುತ್ತಿದ್ದರಂತೆ. ಹಾಗೆ ಆತುರದಲ್ಲಿ ಹುಟ್ಟಿದವಳು ತನ್ನ ಜೀವಮಾನದಲ್ಲಿ ಒಂದು ದಿನವೂ ಆತುರಪಡಲಿಲ್ಲ. ಎಷ್ಟು ಕಲ್ಲಿದ್ದಲು ಸುರಿದರೂ ಅವಳದು ಒಂದೇ ನಡಿಗೆ, ತುಂಬು ಬಸುರಿಯ ನಡಿಗೆ. ಐದು ವರ್ಷಕ್ಕೆಂದು ಹುಟ್ಟಿದವಳು ಮೂವತ್ತು ವರ್ಷ ಬಾಳಿದಳು, ನಾಲ್ಕು ಸಲ ಒಡೆಯರನ್ನು ಬದಲಾಯಿಸಿದಳು, ನಾಲ್ಕು ಸಲವೂ ಹೊಸ ಹೆಸರು, ಹೊಸ ಬಣ್ಣ, ಹೊಸ ಬಾವುಟ. ಆ ಬಾವುಟಗಳನ್ನೆಲ್ಲ ಹೊಲಿದವಳು ನಮ್ಮ ಬಾವುಟದಕ್ಕ. ಗಂಡನನ್ನು ಕಸಿದುಕೊಂಡವಳಿಗೆ ಕೈಯಾರೆ ಬಟ್ಟೆ ಹೊಲಿದುಕೊಟ್ಟ ಹೆಂಡತಿ ಲೋಕದಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಹಡಗಿನ ಸಾಮಾನು ಮಾರುವ ಅಂಗಡಿಯ ಮೇಲಂತಸ್ತಿನಲ್ಲಿ. ಕೆಳಗೆ ಹಗ್ಗದ ಸುರುಳಿ, ಬಣ್ಣದ ಡಬ್ಬಿ, ಲಾಟೀನು, ಡಾಂಬರಿನ ವಾಸನೆ. ಮೇಲೆ ಉದ್ದಕ್ಕೂ ಒಂದೇ ಕೋಣೆ, ನಡುವೆ ಬಾವುಟ ಪೂರ್ತಿ ಹಾಸುವಷ್ಟು ದೊಡ್ಡ ಮೇಜು, ಕೊನೆಯಲ್ಲಿ ಬಂದರಿನ ಕಡೆಗೆ ತೆರೆದ ಅಗಲವಾದ ಕಿಟಕಿ. ಮದುವೆಗೆ ಮುಂಚೆಯೇ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಕಲಿಸಿದವನು ಸೂಜಿತಾತ. ಅವನ ಬಾಯಲ್ಲಿ ಸದಾ ಎರಡು ಮೂರು ಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಬೈಗುಳವೂ ಸಣ್ಣಗೆ, ಚುಚ್ಚುವ ಹಾಗೆ ಹೊರಬರುತ್ತಿತ್ತು. ಆದರೆ ಕೆಲಸ ಕಲಿಸುವುದರಲ್ಲಿ ಕೈ ಬಿಗಿಹಿಡಿದವನಲ್ಲ.

ಬಾವುಟ ಹೊಲಿಯುವುದರಲ್ಲಿ ಬಣ್ಣದ ಬಟ್ಟೆ ಜೋಡಿಸುವುದು ಸುಲಭದ ಭಾಗ. ಜೀವ ಇರುವುದು ಕಂಬದ ಕಡೆಯ ಅಂಚಿನಲ್ಲಿ. ಆ ಅಂಚಿಗೆ ದಪ್ಪ ಕ್ಯಾನ್ವಾಸಿನ ಪಟ್ಟಿ ಹೊಲಿದು, ಅದರೊಳಗೆ ಹಗ್ಗ ತೂರಿಸಿ, ಹಗ್ಗದ ಮೇಲ್ತುದಿಗೆ ಬೆರಳುದ್ದದ ಮರದ ಗುಂಡಿಯನ್ನೂ ಕೆಳತುದಿಗೆ ಒಂದು ಕುಣಿಕೆಯನ್ನೂ ಕಟ್ಟಿ ಹೊಲಿಯಬೇಕು. ಹಡಗಿನ ಮೇಲೆ ಏರಿಸುವವನು ಬಾವುಟವನ್ನು ಬಿಡಿಸಿ ನೋಡುವುದಿಲ್ಲ. ಕತ್ತಲಾಗಲಿ, ಗಾಳಿಯಾಗಲಿ, ಕೈಗೆ ಸಿಕ್ಕ ಗುಂಡಿಯನ್ನು ಕಂಬದ ಹಗ್ಗದ ಕುಣಿಕೆಗೆ ಸಿಕ್ಕಿಸಿ ಎಳೆದುಬಿಡುತ್ತಾನೆ. ಗುಂಡಿ ಇದ್ದ ತುದಿ ಮೇಲಕ್ಕೆ ಹೋಗುತ್ತದೆ. ಗುಂಡಿ ತಪ್ಪಿದರೆ ಬಾವುಟ ತಲೆಕೆಳಗು. ಸಮುದ್ರದಲ್ಲಿ ತಲೆಕೆಳಗಾದ ಬಾವುಟಕ್ಕೆ ಒಂದೇ ಅರ್ಥ: ಅಪಾಯದಲ್ಲಿದ್ದೇವೆ, ಬನ್ನಿ, ಕಾಪಾಡಿ.

ಅವಳ ಗಂಡ ಎಣ್ಣೆಕೈ ಆ ಹಡಗಿಗೆ ಸೇರಿದ್ದು ಯುದ್ಧ ಮುಗಿಯುವ ಹೊತ್ತಿಗೆ. ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗದ್ದಕ್ಕೆ ಬಂದ ಹೆಸರು ಅದು. ಮದುವೆಯಾಗಿ ಇನ್ನೂ ಹೊಸತನ ಆರಿರಲಿಲ್ಲ, ಸರ್ಕಾರ ಯುದ್ಧದ ಹಡಗುಗಳನ್ನು ಮಾರತೊಡಗಿತು. ಇವಳ ಸವತಿಯನ್ನು ಕೊಂಡದ್ದು ದೂರದ ಒಂದು ಕಂಪನಿ. ಬೂದುಬಣ್ಣ ಹೋಗಿ ಕಪ್ಪು ಬಂತು, ಫಿರಂಗಿ ಇಟ್ಟಿದ್ದ ಜಾಗದಲ್ಲಿ ಅಡುಗೆಯವನು ಈರುಳ್ಳಿ ಒಣಹಾಕಿದ. ಹೊಸ ದೇಶದಲ್ಲಿ ನೋಂದಣಿ, ಹೊಸ ಬಾವುಟ: ಬಿಳಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು.

“ಮಾರಾಟ ಆದಮೇಲೆ ನೀವು ಇಳಿದುಬಿಡ್ತೀರಿ ತಾನೇ?” ಎಂದು ಅವಳು ಕೇಳಿದಳು.

“ಇದೊಂದು ಸುತ್ತು ಹೋಗಿಬರ್ತೀನಿ ಕಣೇ. ಹೊಸಬರಿಗೆ ಎಂಜಿನ್ನಿನ ಸ್ವಭಾವ ಗೊತ್ತಿಲ್ಲ” ಎಂದ ಅವನು.

ಹದ್ದಿನ ಬಾವುಟ ಹೊಲಿಯುವ ಕೆಲಸ ಅವಳ ಪಾಲಿಗೆ ಬಂತು. ಸೂಜಿತಾತನ ಕಟ್ಟುನಿಟ್ಟಿನ ನಿಯಮವೆಂದರೆ ಗುಂಡಿ ಹೊಲಿಯುವಾಗ ಕಿಟಕಿಗೆ ಬೆನ್ನು ಮಾಡಿ, ಮೇಜಿನ ಈ ಬದಿಯಲ್ಲೇ ಕೂರಬೇಕು. ಆಗ ಬಾವುಟದ ತಲೆ ಬಲಗೈಗೆ ಬರುತ್ತದೆ, ಕೈ ತಪ್ಪುವುದಿಲ್ಲ. ಇವಳಿಗೋ ಕಿಟಕಿಯಾಚೆ ಗಂಡನ ಹಡಗು ಕಾಣಬೇಕು. ಸೂಜಿತಾತ ಕೆಳಗಿಳಿದದ್ದೇ ತಡ, ಮೇಜಿನ ಆ ಬದಿಗೆ ಹೋಗಿ ಕುಳಿತಳು. ಕಣ್ಣು ಹಡಗಿನ ಮೇಲೆ, ಕೈ ಅಭ್ಯಾಸದಂತೆ ಬಲಕ್ಕೆ. ಡೆಕ್ಕಿನ ಮೇಲೆ ಯಾರೋ ಕೈ ಬೀಸಿದ ಹಾಗಾಯಿತು. ಅವನೇ ಇರಬೇಕೆಂದು ಇವಳೂ ಬೀಸಿದಳು. ಅದು ಅಡುಗೆಯವನು ನೊಣ ಓಡಿಸುತ್ತಿದ್ದುದು ಎಂದು ಆಮೇಲೆ ತಿಳಿಯಿತು. ಗುಂಡಿ ಹದ್ದಿನ ಕಾಲಿನ ಕಡೆಗೆ ಬಿತ್ತು.

ಹಡಗು ಹೊರಟು, ಅಲೆ ತಡೆಯುವ ಕಲ್ಲುಗೋಡೆ ದಾಟಿದ ಮೇಲೆ ಹಿಂಬದಿಯಲ್ಲಿ ಹೊಸ ಬಾವುಟ ಏರಿತು. ಹದ್ದು ಬಾವಲಿಯ ಹಾಗೆ ತಲೆಕೆಳಗಾಗಿ ತೂಗಾಡಿತು. ಕಾವಲು ಗೋಪುರದಲ್ಲಿ ಗಂಟೆ ಬಡಿಯಿತು. ಹಡಗು ಎಳೆಯುವ ದೋಣಿಗಳೆರಡು ನೀರಿನ ಕೊಳವೆ ಹಿಡಿದುಕೊಂಡು ಧಾವಿಸಿದವು, ವೈದ್ಯರ ದೋಣಿಯೂ ಹಿಂದೆಯೇ ಓಡಿತು. ಎಲ್ಲರೂ ಹೋಗಿ ನೋಡಿದರೆ ಕಪ್ತಾನ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾನೆ! ಬಂದವರನ್ನು ಅವನು ಬೈದ, ಬಂದವರು ಅವನನ್ನು ಬೈದರು, ಕೊನೆಗೆ ಎಲ್ಲರೂ ಸೇರಿ ಕತ್ತೆತ್ತಿ ಹದ್ದನ್ನು ನೋಡಿದರು. ಹೊಲಿದವಳು ಯಾರೆಂದು ತಿಳಿದಾಗ ಕಪ್ತಾನ ಎಣ್ಣೆಕೈಯನ್ನು ಕರೆಸಿ, “ನಿನ್ನ ಹೆಂಡತಿಯ ಘನಕಾರ್ಯ, ನೀನೇ ತೆಗೆದುಕೊಂಡು ಹೋಗಿ ಸರಿಮಾಡಿಸಿಕೊಂಡು ಬಾ” ಎಂದು ಎಳೆದೋಣಿಯಲ್ಲಿ ದಡಕ್ಕೆ ಅಟ್ಟಿದ.

ಮೇಲಂತಸ್ತಿನಲ್ಲಿ ಬಾವುಟದಕ್ಕ ಅಳುತ್ತ ಕುಳಿತಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಇನ್ನು ಬಂದರಿನಲ್ಲಿ ತಲೆಯೆತ್ತಿ ಹೇಗೆ ನಡೆಯಲಿ ಎನ್ನುವುದು ಅವಳ ಚಿಂತೆ. ಸೂಜಿತಾತ ಅವಳನ್ನು ಬೈಯಲಿಲ್ಲ. ಕೆಂಪುದಾರದ ಉಂಡೆಯೊಂದನ್ನು ಅವಳ ಮುಂದಿಟ್ಟ.

“ಇನ್ನುಮೇಲೆ ಬಾವುಟ ಕೈಗೆ ತಗೊಂಡ ತಕ್ಷಣ, ಬೇರೆ ಏನೂ ಮಾಡೋದಕ್ಕೆ ಮೊದಲು, ತಲೆ ಕಡೆ ಮೂರು ಕೆಂಪು ಹೊಲಿಗೆ ಹಾಕು ಮಗಳೇ. ಆಮೇಲೆ ನೀನು ಎಲ್ಲಾದ್ರೂ ಕೂತ್ಕೋ, ಯಾರನ್ನಾದ್ರೂ ನೋಡು. ಗುಂಡಿ ಮಾತ್ರ ಕೆಂಪಿನ ಹತ್ರ.”

ಅಷ್ಟರಲ್ಲಿ ಎಣ್ಣೆಕೈ ಮೆಟ್ಟಿಲು ಹತ್ತಿ ಬಂದ. ಬಗಲಲ್ಲಿ ಬಾವುಟ, ಮುಖ ತುಂಬ ನಗು. ಸೂಜಿತಾತ ಏನೋ ನೆನಪಾದವನ ಹಾಗೆ ಕೆಳಗೆ ಹೋದ. ಅವಳು ಮೂಗು ಒರೆಸಿಕೊಳ್ಳುತ್ತ ಗುಂಡಿ ಬಿಚ್ಚಿ ಸರಿಯಾದ ತುದಿಗೆ ಹೊಲಿಯುತ್ತಿದ್ದರೆ ಅವನು ಎದುರಿಗೆ ಕುಳಿತು ನೋಡಿದ.

“ಅಳ್ತೀಯಲ್ಲ, ಹುಚ್ಚಿ. ಒಂದು ಒಳ್ಳೇದೂ ಆಯ್ತಲ್ಲ. ನೀನು ಕರೆದೆ, ನಾನು ಬಂದೆ.”

“ನಾನೆಲ್ಲಿ ಕರೆದೆ? ಗ್ರಹಚಾರ, ಕೈ ತಪ್ಪಿತು.”

“ಕೇಳಿಲ್ಲಿ” ಎಂದ ಅವನು, ಈ ಸಲ ನಗದೆ. “ನಾನಾಗಿ ಇಳಿಯೋ ಜಾತಿ ಅಲ್ಲ, ನಿನಗೂ ಗೊತ್ತು. ಪ್ರತಿ ಸಲ ಇದೊಂದು ಸುತ್ತು ಇದೊಂದು ಸುತ್ತು ಅಂತೀನಿ. ಅದಕ್ಕೆ ಒಂದು ಮಾತು ಕೊಡ್ತೀನಿ. ಈ ಹಡಗು ಮತ್ತೆ ಮಾರಾಟ ಆಗುತ್ತೆ, ಹೊಸ ಬಾವುಟ ನೀನೇ ಹೊಲೀತೀಯ. ನಿನಗೆ ಸಾಕು ಅನ್ನಿಸಿದ ದಿನ ಗುಂಡಿ ತಲೆಕೆಳಗಾಗಿ ಹಾಕಿಬಿಡು. ಕಂಡ ತಕ್ಷಣ ಗಂಟುಮೂಟೆ ಕಟ್ಕೊಂಡು ಇಳಿದು ಬರ್ತೀನಿ. ಯಾಕೆ ಏನು ಅಂತ ಕೇಳಲ್ಲ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಹೀಗೆ ಅವಳ ಕೈಗೆ ಒಂದು ಬೀಗದಕೈ ಸಿಕ್ಕಿತು. ಅದನ್ನು ಯಾವಾಗ ತಿರುಗಿಸುತ್ತಾಳೆ ಎನ್ನುವುದೇ ಇನ್ನುಳಿದ ಕಥೆ.

ಹದ್ದಿನ ಕಂಪನಿ ಕೆಲವು ವರ್ಷ ಗೋಧಿ, ಸಿಮೆಂಟು ಸಾಗಿಸಿ ಹಡಗನ್ನು ಅಣ್ಣತಮ್ಮಂದಿರಿಬ್ಬರಿಗೆ ಮಾರಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಿದ್ದರು ಇವರು. ಅಣ್ಣನಿಗೆ ಹೊಗೆಕೊಳವೆ ಕೆಂಪಾಗಬೇಕು, ತಮ್ಮನಿಗೆ ಹಳದಿ. ಕೊನೆಗೆ ಅರ್ಧ ಕೆಂಪು ಅರ್ಧ ಹಳದಿ ಬಳಿಸಿದರು. ಬಂದರಿನವರು ಬಲಗಡೆಯಿಂದ ನೋಡಿ ಒಂದು ಹಡಗು ಬಂತೆಂದೂ ಎಡಗಡೆಯಿಂದ ನೋಡಿ ಇನ್ನೊಂದು ಹೋಯಿತೆಂದೂ ತಮಾಷೆ ಮಾಡುತ್ತಿದ್ದರು. ಆ ಬಾವುಟದ ಕೆಲಸ ಬಂದಾಗ ಬಾವುಟದಕ್ಕ ಬಸುರಿ. ಈ ಸಲ ಕರೆದೇ ತೀರುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದಳು. ಮೂರು ಕೆಂಪು ಹೊಲಿಗೆ ಹಾಕಿ, ಗುಂಡಿಯನ್ನು ಕೈಯಲ್ಲಿ ಹಿಡಿದಿದ್ದಳು.

ಆದರೆ ಅದೇ ವಾರ ಎಣ್ಣೆಕೈ ಅವಳನ್ನು ಹಡಗು ನೋಡಲು ಕರೆದುಕೊಂಡು ಹೋದ. ಎಂಜಿನ್ ಕೋಣೆಯ ಕಬ್ಬಿಣದ ಏಣಿಯನ್ನು ಅವಳು ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಮನೆಯ ಎತ್ತರದ ಎಂಜಿನ್ನು, ತೊಲೆಯಂಥ ಉಕ್ಕಿನ ಕೈಗಳು ಮೇಲಕ್ಕೂ ಕೆಳಕ್ಕೂ ಒಂದೇ ಸಮ ಆಡುತ್ತಿದ್ದವು. ಕಟ್ಟೆಗೆ ಕಟ್ಟಿದ್ದಾಗಲೇ ನಿಧಾನವಾಗಿ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು. ಅವನು ಒಂದು ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು, ಇನ್ನೊಂದು ಕೈಯನ್ನು ಆ ಕಬ್ಬಿಣಗಳ ನಡುವೆ ತೂರಿಸಿದ. ಅವಳು ಕಿರುಚಿದಳು. ಅವನು ಮೇಲೆದ್ದು ಬಂದ ಕೀಲನ್ನು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ಅಂಗೈಯಿಂದ ಮುಟ್ಟಿ, ಅದರ ಜೊತೆಗೇ ಕೈ ಇಳಿಸಿ, ಸರಕ್ಕನೆ ಹೊರತೆಗೆದ. ಬಿಸಿಯಾಗಿದ್ದರೆ ಎಣ್ಣೆ, ತಣ್ಣಗಿದ್ದರೆ ಮುಂದಿನದು. ಹಗಲೆಲ್ಲ ಇದೇ ಕೆಲಸ. ಒಂದು ಕ್ಷಣ ಲಯ ತಪ್ಪಿದರೆ ಕೈಯೇ ಹೋಗುತ್ತದೆ, ಅವನ ಮುಖದಲ್ಲಿ ಮಾತ್ರ ಹೆದರಿಕೆಯಿರಲಿ, ಅವಸರವೂ ಇರಲಿಲ್ಲ. ಮನೆಯಲ್ಲಿ ನಲ್ಲಿಯ ವಾಷರ್ ಬದಲಾಯಿಸಲು ಹೇಳಿದರೆ ಮೂರು ದಿನ ಮುಂದೂಡುವ ಗಂಡಸು ಇವನೇನಾ ಎನ್ನಿಸಿತು ಅವಳಿಗೆ.

“ನನಗೆ ಜ್ವರ ಬಂದಾಗ ಇಷ್ಟು ಪ್ರೀತಿಯಿಂದ ಯಾವತ್ತಾದ್ರೂ ಮುಟ್ಟಿ ನೋಡಿದೀರಾ?” ಎಂದಳು.

“ನೀನು ಹೇಳ್ತೀಯ ಜ್ವರ ಬಂದಿದೆ ಅಂತ. ಇದಕ್ಕೆ ಪಾಪ ಬಾಯಿಲ್ಲ” ಎಂದ.

ಅವನಿಂದ ಇದನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಗುಂಡಿಯನ್ನು ಕೆಂಪಿನ ಹತ್ತಿರವೇ ಹೊಲಿದಳು. ಸಂಜೆ ಬಾವುಟದ ಕಟ್ಟನ್ನು ಹಡಗಿಗೆ ಒಯ್ಯಲು ಬಂದ ಅವನು ಮೆಟ್ಟಿಲ ಮೇಲೆ ನಿಂತು ಕೇಳಿದ:

“ಗುಂಡಿ ಎಲ್ಲಿದೆ?”

“ಇರಬೇಕಾದ ಕಡೆ ಇದೆ” ಎಂದಳು.

ಅವನು ಕಟ್ಟನ್ನು ಹೆಗಲಿಗೇರಿಸಿ ಶಿಳ್ಳೆ ಹಾಕುತ್ತ ಹೋದ. ಚುಡಾಯಿಸುತ್ತಿದ್ದಾನೆ ಎಂದುಕೊಂಡಳು ಅವಳು.

ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋಗಿ, ಹಡಗು ಬೇರೊಬ್ಬ ಮುದುಕನ ಪಾಲಾಯಿತು. ಅವನಿಗಿದ್ದುದು ಅದೊಂದೇ ಹಡಗು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬಂತೆ, ಮೊದಲ ತಿಂಗಳು ತಾನೇ ಹತ್ತಿ ಬಂದು ಬಾಗಿಲ ಹಿಡಿಕೆಗಳನ್ನೆಲ್ಲ ಒರೆಸಿದ. ಆಮೇಲೆ ಹಲ್ಲುನೋವೆಂದು ಮನೆಯಲ್ಲೇ ಉಳಿದ. ಹಡಗು ಉಪ್ಪು ಸಾಗಿಸಿತು, ಮರದ ದಿಮ್ಮಿ ಸಾಗಿಸಿತು, ಒಂದು ಸಲ ಯಾವುದೋ ಸರ್ಕಸ್ಸಿನ ಡೇರೆ ಮತ್ತು ಒಂಟೆಗಳನ್ನು ಸಾಗಿಸಿತು. ಒಂಟೆಗಳಿಗೆ ಸಮುದ್ರ ಒಗ್ಗಲಿಲ್ಲ, ಹಡಗಿನವರಿಗೆ ಒಂಟೆಗಳು ಒಗ್ಗಲಿಲ್ಲ.

ಆ ಹೊತ್ತಿಗೆ ಸೂಜಿತಾತ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ. ಮೇಲಂತಸ್ತಿಗೆ ಬಾವುಟದಕ್ಕನೇ ಯಜಮಾನಿ. ಕೈಕೆಳಗೆ ಇಬ್ಬರು ಹೊಲಿಯುವವರು. ನಿಜ ಹೇಳಬೇಕೆಂದರೆ, ಮತ್ತು ಅವಳು ನಿಜವನ್ನು ತನ್ನಲ್ಲಿ ಮುಚ್ಚಿಡುವ ಹೆಂಗಸಲ್ಲ, ಮುದುಕನ ಬಾವುಟ ಹೊಲಿದ ಆ ಸಲ ಅವಳು ಗಂಡನನ್ನು ಕರೆಯದೆ ಇದ್ದದ್ದು ತ್ಯಾಗದಿಂದಲ್ಲ. ಅವಳಿಗೆ ತನ್ನ ಬದುಕು ಹಿಡಿಸಿಬಿಟ್ಟಿತ್ತು. ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ, ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿ ಅಂಗಡಿಗೆ ನಡೆಯುವಾಗ ದಾರಿಯಲ್ಲಿ ಹತ್ತು ಜನ ಮಾತಾಡಿಸುತ್ತಿದ್ದರು. ಸಂಜೆ ಬಂದು, ಕಾಲು ಚಾಚಿ, ರೇಡಿಯೋ ಹಾಕಿ, ಬೇಕಾದ್ದನ್ನು ಬೇಯಿಸಿ, ಬೇಡವಾದರೆ ಬೇಯಿಸದೆ ಮಲಗಬಹುದಿತ್ತು. ಗೊರಕೆಯ ಕಾಟವಿಲ್ಲ. ಗಂಡ ಬಂದಾಗಲೂ ಖುಷಿ, ಹೋದಾಗಲೂ ಹತ್ತು ದಿನ ಬೇಜಾರಾಗಿ ಹನ್ನೊಂದನೆಯ ದಿನ ನಿರಾಳ.

“ಅಪ್ಪನ್ನ ಯಾಕಮ್ಮಾ ಇಳಿಸ್ಕೊಳ್ಳಲ್ಲ ನೀನು?” ಎಂದು ಮಗಳು ಕೇಳಿದಾಗ, “ಇಳಿಸ್ಕೊಂಡು ಎಲ್ಲಿ ಇಡೋದೇ? ಅಲಮಾರಿ ತುಂಬಿದೆ” ಎಂದಳು. ತಾಯಿ ಮಗಳಿಬ್ಬರೂ ನಕ್ಕರು. ಸಂಜೆ ಅವನು ಬಂದು ಗುಂಡಿ ಎಲ್ಲಿದೆ ಎಂದು ಕೇಳಿದ, ಅವಳು ಇರಬೇಕಾದ ಕಡೆ ಇದೆ ಎಂದಳು, ಅವನು ಹೋದ. ಶಿಳ್ಳೆ ಹಾಕಿದನೋ ಇಲ್ಲವೋ ಅವಳು ಗಮನಿಸಲಿಲ್ಲ.

ಮುದುಕ ಸತ್ತ ಮೇಲೆ ಕೊಂಡ ಕಂಪನಿಯನ್ನು ಯಾರೂ ಕಣ್ಣಿನಿಂದ ಕಂಡವರಿಲ್ಲ. ಎಲ್ಲೋ ಒಂದು ಬಾಗಿಲ ಮೇಲೆ ಹಿತ್ತಾಳೆಯ ಫಲಕವಿದೆಯಂತೆ, ಒಳಗೆ ಒಂದು ಟೆಲಿಫೋನು ಇದೆಯಂತೆ. ಹಳೆಯ ಬಣ್ಣವೆಲ್ಲ ಹೋಗಿ ಹಡಗಿಗೆ ಅಗ್ಗದ ನೀಲಿ ಬಂತು. ತುಕ್ಕಿನ ಮೇಲೆ ಬಣ್ಣ, ಬಣ್ಣದ ಮೇಲೆ ತುಕ್ಕು. ಎಣ್ಣೆಕೈಗೂ ವಯಸ್ಸಾಗಿತ್ತು, ಏಣಿ ಇಳಿದರೆ ಮಂಡಿ ಕಟಕಟ ಎನ್ನುತ್ತಿತ್ತು. ಆ ಸಲ ಅವಳಿಗೆ ನಿಜವಾಗಿ ಅವನು ಬೇಕೆನ್ನಿಸಿತು. ಮಗಳ ಮದುವೆಯಾಗಿತ್ತು. ರೇಡಿಯೋ ಎಷ್ಟು ಜೋರಾಗಿ ಹಾಕಿದರೂ ಮನೆ ಖಾಲಿಯೇ. ಒಬ್ಬಳಿಗೆ ಸಾರು ಮಾಡುವುದು ಎಷ್ಟು ಬೇಸರದ ಕೆಲಸವೆಂದು ಮಾಡಿದವರಿಗೇ ಗೊತ್ತು.

ಗುಂಡಿಯನ್ನು ಅವಳು ಕೆಳತುದಿಗೆ ಹೊಲಿದೇ ಬಿಟ್ಟಳು. ದಾರ ಕತ್ತರಿಸಿ, ಬಾವುಟ ಮಡಚಿ, ಕಟ್ಟು ಕಟ್ಟಿದಳು. ಕಟ್ಟಿದ ಮೇಲೆ ಅದನ್ನು ಮುಂದಿಟ್ಟುಕೊಂಡು ಕುಳಿತಾಗ ಸಿಟ್ಟು ಬಂತು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು. ಈಗ ಕರೆಯಬೇಕಾದವಳೂ ನಾನೇ ಏನು? ಕರೆದರೆ ಬರುವುದರಲ್ಲಿ ಯಾವ ಹೆಚ್ಚುಗಾರಿಕೆಯಿದೆ, ನಾಯಿಯೂ ಬರುತ್ತದೆ. ತಾನಾಗಿ ಬರಬೇಕು. ಒಂದು ದಿನ ತಾನಾಗಿ ಮೆಟ್ಟಿಲು ಹತ್ತಿ ಬಂದು, ಸಾಕಾಯ್ತು ಕಣೇ, ಬಂದುಬಿಟ್ಟೆ ಅನ್ನಬೇಕು. ಕಟ್ಟು ಬಿಚ್ಚಿ, ಹೊಲಿಗೆ ಬಿಚ್ಚಿ, ಗುಂಡಿಯನ್ನು ಮತ್ತೆ ಕೆಂಪಿನ ಹತ್ತಿರ ಕೂರಿಸಿದಳು. ಬಿಚ್ಚುವಾಗ ಬೆರಳಿಗೆ ಚುಚ್ಚಿಕೊಂಡು ಅದಕ್ಕೂ ಗಂಡನನ್ನೇ ಬೈದಳು.

“ಗುಂಡಿ ಎಲ್ಲಿದೆ?” ಎಂದ ಅವನು ಸಂಜೆ. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬರುತ್ತಿತ್ತು.

“ಇರಬೇಕಾದ ಕಡೆ.”

ಅವನು ಸ್ವಲ್ಪ ಹೊತ್ತು ನಿಂತ. “ಸರಿ ಹಾಗಾದ್ರೆ” ಎಂದ. ಹೋದ.

ಕೊನೆಗೆ ಒಂದು ದಿನ ಸುದ್ದಿ ಬಂತು: ಹಡಗನ್ನು ಗುಜರಿಗೆ ಕೊಟ್ಟರು. ದೂರದ ಒಂದು ತೀರದಲ್ಲಿ ಮರಳಿನ ಮೇಲೆ ಹತ್ತಿಸಿ, ತುಂಡು ತುಂಡು ಮಾಡಿ ಕಬ್ಬಿಣ ಮಾರುತ್ತಾರೆ. ಅಲ್ಲಿಯವರೆಗಿನ ಒಂದೇ ಪ್ರಯಾಣಕ್ಕೆ ಕೊಂಡವರು ಇನ್ನೊಂದು ಪುಟ್ಟ ದೇಶದಲ್ಲಿ ನೋಂದಣಿ ಮಾಡಿಸಿದ್ದರು. ಅದಕ್ಕೂ ಒಂದು ಬಾವುಟ ಬೇಕು: ಮೇಲೆ ಹಸಿರು, ಕೆಳಗೆ ಹಳದಿ, ಹಸಿರಿನಲ್ಲಿ ಒಂದು ಬಿಳಿ ನಕ್ಷತ್ರ. ಸಾಯಲು ಹೋಗುವವಳಿಗೂ ಹೊಸ ಬಟ್ಟೆ.

ಎಣ್ಣೆಕೈ ಊಟಕ್ಕೆ ಕುಳಿತಾಗ ತಟ್ಟೆಯನ್ನೇ ನೋಡುತ್ತ ಹೇಳಿದ: “ಇದೊಂದು ಸುತ್ತು. ಹೇಗೂ ಕೊನೇದು. ಮುಟ್ಟಿಸಿ ಬಂದುಬಿಡ್ತೀನಿ ಅಂದ್ಕೊಂಡಿದೀನಿ. ಏನಂತೀಯ?”

“ನಿಮ್ಮಿಷ್ಟ” ಎಂದಳು ಬಾವುಟದಕ್ಕ. ಹೆಂಡತಿಯ ಬಾಯಲ್ಲಿ ಬರುವ ಮಾತುಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಅವನು ಇನ್ನೂ ಏನೋ ಹೇಳುತ್ತಾನೆಂದು ಅವಳು ಕಾದಳು, ಅವಳು ಇನ್ನೂ ಏನೋ ಹೇಳುತ್ತಾಳೆಂದು ಅವನು ಕಾದ. ಇಬ್ಬರೂ ಮಜ್ಜಿಗೆ ಕುಡಿದರು.

ಮರುದಿನ ನಕ್ಷತ್ರ ಹೊಲಿಯುತ್ತ ಅವಳು ಬಹಳ ಯೋಚಿಸಿದಳು. ಇದು ಕೊನೆಯ ಗುಂಡಿ, ಇನ್ನು ಕರೆಯುವ ಅವಕಾಶವಿಲ್ಲ. ದೂರದ ಪ್ರಯಾಣ, ಮುದಿ ಹಡಗು, ಯಾವ ಬೆಸುಗೆ ಎಲ್ಲಿ ಬಿಡುತ್ತದೋ ಬಲ್ಲವರಾರು? ಅವನು ಹಿಂದಿರುಗಿ ಬರದೇ ಹೋದರೆ ಎಂಬ ಭಯ ಮೊದಲ ಸಲ ಅವಳ ಎದೆಯಲ್ಲಿ ಕುಳಿತುಕೊಂಡಿತು. ಆದರೂ ಅವನಿಂದ ಹಡಗಿನ ಕೊನೆಯ ಪ್ರಯಾಣವನ್ನು ಹೇಗೆ ತಪ್ಪಿಸುವುದು? ತಪ್ಪಿಸಿದರೆ ಮನೆಯಲ್ಲಿ ಕುಳಿತು ಉಳಿದ ಆಯುಷ್ಯವೆಲ್ಲ ಸಮುದ್ರದ ಕಡೆ ಮುಖ ಮಾಡಿರುತ್ತಾನೆ. ಸವತಿಯೇ ಆದರೂ ಸಾಯುವಾಗ ಕೈ ಹಿಡಿಯಲು ಒಬ್ಬರು ಬೇಡವೇ? ಕಣ್ಣೊರೆಸಿಕೊಂಡು, ಮೂರು ಕೆಂಪು ಹೊಲಿಗೆಯ ಪಕ್ಕದಲ್ಲಿ ಗುಂಡಿಯನ್ನು ಎಂದಿಗಿಂತ ಗಟ್ಟಿಯಾಗಿ ಹೊಲಿದಳು.

ಸಂಜೆ ಅವನು ಬಂದ. ಮೆಟ್ಟಿಲ ಬುಡದಲ್ಲೇ ನಿಂತು ಕೂಗಿ ಕೇಳಿದ, “ಗುಂಡಿ ಎಲ್ಲಿದೆ?”

“ಇರಬೇಕಾದ ಕಡೆ ಇದೆ ರೀ. ಜೋಪಾನ” ಎಂದು ಅವಳು ಕಟ್ಟನ್ನು ಮೇಲಿನಿಂದಲೇ ಇಳಿಬಿಟ್ಟಳು. ಅವನ ಮುಖ ನೋಡಿದರೆ ಅತ್ತುಬಿಡುತ್ತೇನೆಂದು ಹೆದರಿಕೆ.

ಬೆಳಿಗ್ಗೆ ಕಿಟಕಿಯ ಬಳಿ ನಿಂತಿದ್ದಳು. ಹಡಗು ಹೊರಡಲು ಸಿದ್ಧವಾಗಿತ್ತು. ಹೊಗೆ ಏಳುತ್ತಿತ್ತು, ಕಟ್ಟೆಯ ಹಗ್ಗಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು. ಹಿಂಬದಿಯಲ್ಲಿ ಬಾವುಟ ಏರಿತು, ಗಾಳಿಗೆ ಬಿಚ್ಚಿಕೊಂಡಿತು. ಹಳದಿ ಮೇಲೆ. ಹಸಿರು ಕೆಳಗೆ. ನಕ್ಷತ್ರ ತಲೆಕೆಳಗಾಗಿ ನೇತಾಡುತ್ತಿತ್ತು.

ನನ್ನ ಕೈ ಮತ್ತೆ ತಪ್ಪಿತೇ? ಕಣ್ಣಲ್ಲಿ ನೀರು ತುಂಬಿಕೊಂಡು ಹೊಲಿದೆನಲ್ಲ, ಕೆಂಪು ಕಾಣಲಿಲ್ಲವೇ? ದಪ್ಪ ಬಟ್ಟೆಗೆ ಸೂಜಿ ಒತ್ತಲು ಅಂಗೈಗೆ ಕಟ್ಟಿದ ಚರ್ಮದ ಪಟ್ಟಿಯನ್ನೂ ಬಿಚ್ಚದೆ, ಮೈಮೇಲಿನ ದಾರದ ಚೂರುಗಳನ್ನೂ ಕೊಡವದೆ ಮೆಟ್ಟಿಲಿಳಿದು ಓಡಿದಳು. ಕಟ್ಟೆಯ ಮೇಲೆ ಹಮಾಲರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಅಕ್ಕಾ, ನಿಮ್ಮ ಸವತಿ ಶೀರ್ಷಾಸನ ಹಾಕಿದಾಳೆ ನೋಡಿ!” ಎಂದು ಒಬ್ಬ ಕೂಗಿದ. ಅವಳಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನಿಸಿತು.

ಡೆಕ್ ಮೇಸ್ತ್ರಿ ಗೊಣಗುತ್ತ ಬಾವುಟ ಇಳಿಸಿ ತಂದು ಅವಳ ಕೈಗೆ ತುರುಕಿದ. ಅವನ ಹಿಂದೆಯೇ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಹೆಗಲಿಗೆ ಚೀಲ, ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಎಣ್ಣೆಕೈ ಇಳಿದು ಬಂದ.

ಅವಳು ಅವನನ್ನು ನೋಡಲಿಲ್ಲ, ಬಾವುಟದ ಅಂಚನ್ನು ನೋಡಿದಳು. ಹಸಿರಿನ ತುದಿಯಲ್ಲಿ ಅವಳ ಮೂರು ಕೆಂಪು ಹೊಲಿಗೆ ಹಾಗೇ ಇದ್ದವು. ಅವುಗಳ ಪಕ್ಕದಲ್ಲಿ ಗುಂಡಿಯಿರಲಿಲ್ಲ, ಕುಣಿಕೆಯಿತ್ತು. ಗುಂಡಿ ಹಳದಿಯ ತುದಿಗೆ ಹೋಗಿತ್ತು. ಹೊಲಿಗೆ ಅವಳದಲ್ಲ. ಮೊದಲ ಸಲ ಸೂಜಿ ಹಿಡಿದವರ ಹೊಲಿಗೆ: ಒಂದು ಉದ್ದ, ಒಂದು ಗಿಡ್ಡ, ನಡುವೆ ಗಂಟಿನ ಮೇಲೆ ಗಂಟು. ಹಳದಿ ಬಟ್ಟೆಯ ತುಂಬ ಎಣ್ಣೆಯ ಹೆಬ್ಬೆಟ್ಟಿನ ಗುರುತುಗಳು, ಎರಡು ಕಡೆ ರಕ್ತದ ಚುಕ್ಕೆ.

ಅವಳು ನಿಧಾನವಾಗಿ ತಲೆಯೆತ್ತಿದಳು. ಎಣ್ಣೆಕೈ ಸಮುದ್ರದ ಹಕ್ಕಿಗಳನ್ನು ಮೊದಲ ಸಲ ಕಾಣುವವನ ಹಾಗೆ ನೋಡುತ್ತಿದ್ದ. ಎಡಗೈಯ ಎರಡು ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದ.

“ಇದು ಯಾರ ಕೈಕೆಲಸ?” ಎಂದಳು.

“ನಿಂದೇ ಇರಬೇಕು. ಈ ಊರಲ್ಲಿ ಬಾವುಟ ಹೊಲಿಯೋರು ಇನ್ಯಾರಿದಾರೆ?”

“ನನ್ನ ಹೊಲಿಗೆ ಹೀಗಿರುತ್ತಾ?”

“ನನಗೇನು ಗೊತ್ತು? ಬಾವುಟ ತಲೆಕೆಳಗಾದ್ರೆ ಇಳಿದು ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ತಲೆಕೆಳಗಾಯ್ತು. ಬಂದೆ.”

“ನಾನು ಕರೆದೆನಾ?”

ಎಣ್ಣೆಕೈ ಪೆಟ್ಟಿಗೆಯನ್ನು ಕೆಳಗಿಟ್ಟ. “ಇಲ್ಲ. ಅದೇ ನೋಡು. ಪ್ರತಿ ಸಲ ಕೇಳಿದೆ ನಾನು. ಗುಂಡಿ ಎಲ್ಲಿದೆ, ಗುಂಡಿ ಎಲ್ಲಿದೆ ಅಂತ. ಪ್ರತಿ ಸಲ ಇರಬೇಕಾದ ಕಡೆ ಇದೆ ಅಂದೆ ನೀನು. ಹೋದ ಸಲ ಮೆಟ್ಟಿಲ ಮೇಲೆ ನಿಂತು, ಈಗಲಾದ್ರೂ ಇಲ್ಲ ಅಂತಾಳೇನೋ ಅಂತ ಕಾದೆ. ಇದು ಕೊನೇ ಬಾವುಟ ಕಣೇ. ಇನ್ನು ಯಾವಾಗ ಕರೀತಿದ್ದೆ ನೀನು?”

ಬಾವುಟದಕ್ಕ ಬಾವುಟದ ಅಂಚನ್ನು ಮಡಚಿದಳು, ಮತ್ತೆ ಬಿಚ್ಚಿದಳು.

“ನೀವಾಗಿ ಬರಲಿ ಅಂತ ಕಾಯ್ತಿದ್ದೆ ರೀ” ಎಂದಳು ಕೊನೆಗೆ. “ಒಂದು ಸಲ ತಲೆಕೆಳಗಾಗಿ ಹೊಲಿದೂ ಇದ್ದೆ. ಸಿಟ್ಟು ಬಂದು ಬಿಚ್ಚಿದೆ.”

“ಹೊಲಿದಿದ್ಯಾ?”

“ಹ್ಞೂಂ.”

“ಅಯ್ಯೋ ಹುಚ್ಚಿ” ಎಂದ ಅವನು. ಹಾಗೆಂದು ಹಮಾಲರ ಮುಂದೆ, ಡೆಕ್ ಮೇಸ್ತ್ರಿಯ ಮುಂದೆ, ಚಿಂದಿ ಸುತ್ತಿದ ಕೈಯನ್ನು ಅವಳ ಹಣೆಯ ಮೇಲಿಟ್ಟ.

“ಜ್ವರ ಇಲ್ಲ ನನಗೆ” ಎಂದಳು ಅವಳು, ಕೈ ಮಾತ್ರ ಸರಿಸಲಿಲ್ಲ.

“ನೋಡಮ್ಮಾ, ಹಡಗು ಹೊರಡಬೇಕು” ಎಂದು ಡೆಕ್ ಮೇಸ್ತ್ರಿ ಕೆಮ್ಮಿದ. “ಇವನ ಜಾಗಕ್ಕೆ ಬೇರೆಯವನನ್ನ ನಿನ್ನೆಯೇ ತಗೊಂಡಾಯ್ತು, ಅದೇನೂ ತೊಂದರೆ ಇಲ್ಲ. ಬಾವುಟ ಮಾತ್ರ ಹೀಗೆ ಹಾರಿಸೋಕಾಗಲ್ಲ.”

ನಿನ್ನೆಯೇ! ಅವಳು ಗಂಡನ ಕಡೆ ಒಂದು ನೋಟ ಬೀರಿದಳು. ಅವನು ಮತ್ತೆ ಹಕ್ಕಿಗಳನ್ನು ನೋಡತೊಡಗಿದ. ಅವಳು ಹಡಗು ಕಟ್ಟುವ ಕಬ್ಬಿಣದ ಗೂಟದ ಮೇಲೆ ಕುಳಿತಳು. ಸೆರಗಿನ ಅಂಚಿನಲ್ಲಿ ಸಿಕ್ಕಿಸಿದ್ದ ಸೂಜಿ ತೆಗೆದಳು, ಅಂಗೈಯ ಚರ್ಮದ ಪಟ್ಟಿ ಸರಿಮಾಡಿಕೊಂಡಳು. “ಸುಮ್ನೆ ನಿಂತಿರಬೇಡಿ, ಈ ತುದಿ ಹಿಡ್ಕೊಳ್ಳಿ” ಎಂದಳು. ಅವನು ಹಿಡಿದುಕೊಂಡ. ಅವನ ಗಂಟುಗಳನ್ನು ಬಿಚ್ಚಲು ಅವಳಿಗೆ ಹೊಸದಾಗಿ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ಕಟ್ಟೆಯ ಮೇಲಿದ್ದವರೆಲ್ಲ ಕಾದರು, ಸವತಿಯೂ ಕಾದಳು. ಅವಳಿಗೆ ಎಂದೂ ಆತುರವಿರಲಿಲ್ಲವಲ್ಲ.

ಬಾವುಟ ಮತ್ತೆ ಏರಿತು, ಈ ಸಲ ಹಸಿರು ಮೇಲೆ, ನಕ್ಷತ್ರ ನೆಟ್ಟಗೆ. ಎಣ್ಣೆಯ ಹೆಬ್ಬೆಟ್ಟುಗಳು ಹಳದಿಯ ಮೇಲೆ ಹಾಗೇ ಉಳಿದಿದ್ದವು. ಅವನ್ನು ತೊಳೆಯಲು ಪುರಸೊತ್ತಿರಲಿಲ್ಲ, ಅವಳಿಗೆ ಮನಸ್ಸೂ ಇರಲಿಲ್ಲ. ಹಡಗು ಉದ್ದಕ್ಕೆ ಒಮ್ಮೆ ಕೂಗಿ, ಬಸುರಿ ನಡಿಗೆಯಲ್ಲಿ ಕಲ್ಲುಗೋಡೆಯ ಕಡೆ ಸಾಗಿತು. ಎಣ್ಣೆಕೈ ಕತ್ತು ವಾಲಿಸಿ ಎಂಜಿನ್ನಿನ ಸದ್ದು ಕೇಳುತ್ತಿದ್ದ. ಅದು ಕೇಳದಷ್ಟು ದೂರವಾದಾಗ ಅವನ ಕಣ್ಣು ಒದ್ದೆಯಾಯಿತು. ಬಾವುಟದಕ್ಕನ ಕಣ್ಣೂ ಒದ್ದೆಯಾಯಿತು, ಅವಳಿಗೇ ಆಶ್ಚರ್ಯವಾಗುವ ಹಾಗೆ. ಎಷ್ಟಾದರೂ ಮೂವತ್ತು ವರ್ಷದ ಸಂಬಂಧ.

“ಒಳ್ಳೆಯವಳು ಕಣ್ರೀ” ಎಂದಳು. “ಪ್ರತಿ ಸಲವೂ ವಾಪಸ್ ತಂದುಬಿಟ್ಟಳು ನಿಮ್ಮನ್ನ.”

ಮನೆಗೆ ಹೋಗುವ ದಾರಿಯಲ್ಲಿ ತರಕಾರಿಯವನು ತಡೆದ. ದೂರದಲ್ಲಿ ಹೋಗುತ್ತಿದ್ದ ಹೊಗೆಯನ್ನು ಅವನೂ ಕಂಡಿದ್ದ. “ಸವತಿ ಹೊರಟಳಲ್ಲಕ್ಕಾ, ಇವತ್ತಿನಿಂದ ಒಂದೇ ಪಾಲು ತಾನೇ?” ಎಂದು ತಕ್ಕಡಿಗೆ ಕೈ ಹಾಕಿದ. ಆಮೇಲೆ ಅವಳ ಹಿಂದೆ ಪೆಟ್ಟಿಗೆ ಹೊತ್ತು ನಿಂತವನನ್ನು ನೋಡಿ ಕೈ ಹಿಂದೆಗೆದ.

“ಎರಡು ಪಾಲು ಹಾಕಪ್ಪಾ” ಎಂದಳು ಬಾವುಟದಕ್ಕ. “ನಾಳೆಗೂ ಎರಡು.”